ಪರನಾಡಿನಲ್ಲಿ ನೆಲೆ ನಿಲ್ಲುವ ಬಗೆ



ಮನೆಯ ಮಗುವೊಂದು ಮೊದಲ ಬಾರಿಗೆ ಹೊಸ್ತಿಲು ದಾಟಿ ದೂರದ ನಾಡಿಗೆ ಹೊರಟು ನಿಂತಾಗ ಹೆತ್ತವರ ಎದೆಯಲ್ಲಿ ಹೆಮ್ಮೆಯೂ ಅಂಜಿಕೆಯೂ ಒಟ್ಟಿಗೇ ಮನೆಮಾಡುತ್ತವೆ. ಹಿಂದೆ ಈ ಅನುಭವವು ಎಲ್ಲೋ ಒಂದೆರಡು ಸಿರಿವಂತ ಮನೆತನಗಳಿಗೆ ಮಾತ್ರ ಮೀಸಲಾಗಿತ್ತು. ಇಂದು ಹಾಗಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಬಿ.ಇ. ಪಠ್ಯಕ್ರಮದಲ್ಲಿಯೇ ಇಂಟರ್ನ್‌ಶಿಪ್, ಅಂದರೆ ಉದ್ಯಮವೊಂದರಲ್ಲಿ ಕೆಲಕಾಲವಿದ್ದು ಕೆಲಸ ಕಲಿಯುವುದು, ಕಡ್ಡಾಯವಾಗಿದೆ. ಅದನ್ನು ಹೊರದೇಶದಲ್ಲಿ ಮಾಡುವ ಅವಕಾಶ ಒದಗಿದಾಗ ಸಾಧಾರಣ ಮನೆಯ ಮಕ್ಕಳೂ ವಿಮಾನ ಹತ್ತುತ್ತಿದ್ದಾರೆ. ಆದರೆ ಹೋಗುವುದು ಬೇರೆ, ಹೋದಲ್ಲಿ ನೆಲೆ ನಿಲ್ಲುವುದು ಬೇರೆ. ಟಿಕೆಟ್ಟು, ವೀಸಾ, ಹಣ ಇವುಗಳ ಚಿಂತೆಯಲ್ಲಿಯೇ ತಿಂಗಳುಗಳನ್ನು ಕಳೆಯುವ ಹಿರಿಯರು, ಇಳಿದ ಮೇಲಿನ ಮೊದಲ ಕೆಲವು ವಾರಗಳ ವಿಚಾರವನ್ನು ಮಾಡುವುದೇ ಅಪರೂಪ.

ಈ ವಿಷಯವಾಗಿ ಒಂದು ಮನೆಯ ವೃತ್ತಾಂತವನ್ನು ಓದುಗರ ಮುಂದಿಡಲು ಬಯಸುತ್ತೇವೆ. ಅದರಲ್ಲಿ ನಮ್ಮದೊಂದು ತಪ್ಪೂ ಸೇರಿದೆಯೆಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು.

ಬಂದವರಿಂದ ಬೆಳೆದ ಊರಂಚು

ಬೆಂಗಳೂರಿನ ಹೊರವಲಯವು ಮೊದಲಿನಿಂದಲೂ ಹೊರಗಿನಿಂದ ಬಂದವರು ಕಟ್ಟಿದ ನೆಲ. ಇಂದು ಗಾಜಿನ ಕಟ್ಟಡಗಳಿಂದ ಹೊಳೆಯುವ ವೈಟ್‌ಫೀಲ್ಡ್, 1882ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳಿಗೆಂದು ಮೈಸೂರು ಮಹಾರಾಜರು ಕೊಟ್ಟ ಭೂಮಿಯಲ್ಲಿ ಹುಟ್ಟಿದ ಒಕ್ಕಲುತನದ ವಸತಿ. ಪೀಣ್ಯದ ಕೈಗಾರಿಕಾ ಪ್ರದೇಶವು 1970ರ ದಶಕದಿಂದೀಚೆಗೆ ನಾಡಿನ ಮೂಲೆಮೂಲೆಗಳಿಂದ ಬಂದ ಐ.ಟಿ.ಐ. ಹುಡುಗರ ಬೆವರಿನಿಂದ ಬೆಳೆಯಿತು. ಇನ್ನು ಎಲೆಕ್ಟ್ರಾನಿಕ್ ಸಿಟಿ. ಕಿಯೋನಿಕ್ಸ್ ಸಂಸ್ಥೆಯ ಮೊದಲ ಅಧ್ಯಕ್ಷರಾಗಿದ್ದ ಆರ್.ಕೆ. ಬಾಳಿಗರ ಕನಸಿನಂತೆ 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ ಅದು ಆರಂಭವಾದಾಗ, ಇಲ್ಲಿಗೆ ಒಂದು ದಿನ ಜರ್ಮನಿ, ಅಮೆರಿಕಗಳ ವಿದ್ಯಾರ್ಥಿಗಳು ಕೆಲಸ ಕಲಿಯಲು ಬಂದಾರೆಂದು ಯಾರು ತಾನೇ ಎಣಿಸಿದ್ದರು? ಇನ್ಫೋಸಿಸ್ ಸಂಸ್ಥೆಯು ‘ಇನ್‌ಸ್ಟೆಪ್’ ಎಂಬ ಹೆಸರಿನಲ್ಲಿ ಹೊರದೇಶದ ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ ಆರಂಭಿಸಿದ್ದು 1999ರಲ್ಲಿ. ಮುಂದೆ 2017ರಲ್ಲಿ ಭಾರತ ಸರ್ಕಾರವು ಇಂಟರ್ನ್‌ಗಳಿಗೆಂದೇ ಒಂದು ಪ್ರತ್ಯೇಕ ವೀಸಾ ವರ್ಗವನ್ನು ತೆರೆಯಿತು. ಹೀಗೆ ನಮ್ಮ ಮಕ್ಕಳು ಹೊರಗೆ ಹೋಗುವ ದಾರಿಯಲ್ಲಿಯೇ ಅಲ್ಲಿಯ ಮಕ್ಕಳು ಇತ್ತ ಬರುತ್ತಿದ್ದಾರೆ.

ನಾವು ಹೇಳಹೊರಟ ಮನೆಯು ದೊಡ್ಡತೋಗೂರಿನಲ್ಲಿದೆ. ಮನೆಯ ಯಜಮಾನರು ಗದಗ ಜಿಲ್ಲೆಯವರು. ಐ.ಟಿ.ಐ. ಮುಗಿಸಿ 1993ರಲ್ಲಿ ಒಂದು ತಗಡಿನ ಟ್ರಂಕು ಹಿಡಿದು ಪೀಣ್ಯಕ್ಕೆ ಅಪ್ರೆಂಟಿಸ್ ಆಗಿ ಬಂದವರು. ಒಂದೇ ಕೋಣೆಯಲ್ಲಿ ಆರು ಜನರೊಡನೆ ಮಲಗಿ, ಲೇತ್ ಯಂತ್ರದ ಮುಂದೆ ನಿಂತು ಕೆಲಸ ಕಲಿತು, ಈಗ ಬೊಮ್ಮಸಂದ್ರದಲ್ಲಿ ಚಿಕ್ಕದೊಂದು ಮಷಿನ್ ಶಾಪ್ ನಡೆಸುತ್ತಿದ್ದಾರೆ. ತಿಂಗಳಿಗೊಂದು ಸೋಮವಾರ ಅವರ ಮನೆಯಲ್ಲಿ ಅನುಭವಗೋಷ್ಠಿ ನಡೆಯುತ್ತದೆ. ಅದರ ನಿಮಿತ್ತ ನಾವು ಅಲ್ಲಿಗೆ ಹೋಗಿಬರುವುದು ಹಲವು ವರ್ಷಗಳ ರೂಢಿ.

ಮಹಡಿಯ ಮೇಲಿನ ಅತಿಥಿ

2023ರ ಆಗಸ್ಟ್ ತಿಂಗಳಿನಲ್ಲಿ ಆ ಮನೆಯ ಮಹಡಿಯ ಕೋಣೆಗೆ ಇಪ್ಪತ್ಮೂರು ವರ್ಷದ ಜರ್ಮನ್ ತರುಣನೊಬ್ಬನು ಬಾಡಿಗೆಗೆ ಬಂದನು. ಎಲೆಕ್ಟ್ರಾನಿಕ್ ಸಿಟಿಯ ಸಂಸ್ಥೆಯೊಂದರಲ್ಲಿ ಆರು ತಿಂಗಳ ಇಂಟರ್ನ್‌ಶಿಪ್. ಕೈಯಲ್ಲಿ ಏಳು ತಿಂಗಳ ವೀಸಾ. ವಿದೇಶೀಯರನ್ನು ಮನೆಯಲ್ಲಿ ಇರಿಸಿಕೊಂಡವರು ಅವರು ಬಂದ 24 ಗಂಟೆಗಳೊಳಗೆ ಅಧಿಕಾರಿಗಳಿಗೆ ಮಾಹಿತಿ ಸಲ್ಲಿಸಬೇಕು. 180 ದಿನಗಳಿಗಿಂತ ಹೆಚ್ಚಿನ ವೀಸಾ ಇದ್ದವರು 14 ದಿನಗಳೊಳಗೆ ತಾವೇ ನೋಂದಣಿ ಮಾಡಿಸಿಕೊಳ್ಳಬೇಕು. 1946ರ ವಿದೇಶೀಯರ ಕಾಯ್ದೆಯ ಸ್ಥಾನದಲ್ಲಿ 2025ರಲ್ಲಿ ಹೊಸ ಕಾಯ್ದೆ ಬಂದಿದ್ದರೂ ತಿಳಿಸುವ ಹೊಣೆಯು ಮನೆಯೊಡೆಯನ ಮೇಲೆ ಹಾಗೆಯೇ ಉಳಿದಿದೆ. ಕೋಣೆ ಬಾಡಿಗೆಗೆ ಕೊಡುವ ನಮ್ಮ ಬಂಧುಗಳು ಇದನ್ನು ಅಲಕ್ಷಿಸಬಾರದು. ಯಜಮಾನರು ಎಲ್ಲವನ್ನೂ ಕ್ರಮವಾಗಿ ಮಾಡಿಸಿದರು.

ಆಗ ನಮ್ಮನ್ನು ಅವರು ಕೇಳಿದರು: ‘ಅಜ್ಜಾರ, ಪರದೇಶದ ಹುಡುಗ. ಹೆಂಗ ನೋಡ್ಕೋಬೇಕ್ರೀ?’ ನಾವು ಬಹು ಗಂಭೀರವಾಗಿ ಉಪದೇಶ ಮಾಡಿದೆವು. ಅತಿಥಿಯ ಕೈಗೆ ಕೆಲಸ ಕೊಡಬಾರದು, ಅವನು ಕೇಳುವ ಮೊದಲೇ ಬೇಕಾದುದು ಅವನ ಮುಂದಿರಬೇಕು ಎಂದೆವು. ಆ ತಾಯಿ ಅದನ್ನು ಅಕ್ಷರಶಃ ಪಾಲಿಸಿದರು. ಬೆಳಿಗ್ಗೆ ಉಪಾಹಾರದ ತಟ್ಟೆ ಮಹಡಿಗೆ ಹೋಗುತ್ತಿತ್ತು, ರಾತ್ರಿ ಊಟದ ತಟ್ಟೆಯೂ ಮಹಡಿಗೇ. ಅವನು ತೊಳೆಯಲೆಂದು ತಟ್ಟೆಯನ್ನು ತಂದರೆ ಕೈಯಿಂದ ಕಸಿದುಕೊಳ್ಳುತ್ತಿದ್ದರು. ಇಡೀ ಬೀದಿಯು ಆ ಮನೆಯ ಸತ್ಕಾರವನ್ನು ಕೊಂಡಾಡಿತು.

ಹತ್ತನೆಯ ದಿನ ಸಂಜೆ ಆ ಹುಡುಗನು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತನಂತೆ. ‘ಅಮ್ಮಾ’ ಎಂಬ ಒಂದು ಕನ್ನಡ ಪದ, ಉಳಿದುದೆಲ್ಲ ಇಂಗ್ಲಿಷ್. ತಾನು ಏನು ತಪ್ಪು ಮಾಡಿದೆ, ತನ್ನನ್ನೇಕೆ ಮೇಲೆಯೇ ಇರಿಸಿದ್ದೀರಿ, ಎಲ್ಲರೊಡನೆ ಕುಳಿತು ಉಣ್ಣಲು ತನಗೆ ಅನುಮತಿ ಇಲ್ಲವೇ ಎಂಬುದು ಅವನ ಪ್ರಶ್ನೆ. ಮಗಳು ಅದನ್ನು ತಾಯಿಗೆ ತಿಳಿಸಿದಾಗ ಆ ತಾಯಿಯ ಕಣ್ಣು ತುಂಬಿತು. ನಾವು ಗೌರವವೆಂದು ಕೊಟ್ಟುದನ್ನು ಅವನು ಏಕಾಂತವಾಸವೆಂದು ಅನುಭವಿಸಿದ್ದನು.

ತಾಯಿಯು ಅವನ ಮುಂದೆ ಒಂದು ಮೊರದಲ್ಲಿ ಶೇಂಗಾ ಸುರಿದು, ಸುಲಿ ಎಂದು ಕೈಸನ್ನೆ ಮಾಡಿದರು. ಅಂದಿನಿಂದ ಅವನ ಊಟ ಕೆಳಗೇ ಆಯಿತು. ವಾರದೊಳಗೆ ಅಂಗಳ ಗುಡಿಸುವ ಕೆಲಸವನ್ನು ಅವನೇ ಕೇಳಿ ಪಡೆದನು. ಬಿಳಿಯ ಹುಡುಗನು ಕಸಬರಿಗೆ ಹಿಡಿದುದನ್ನು ಕಂಡು ನೆರೆಹೊರೆಯವರು ನಕ್ಕಾಗ ಅವನು ಹೇಳಿದನಂತೆ: ತನ್ನ ಊರು ಸ್ಟುಟ್‌ಗಾರ್ಟ್ ಸೀಮೆಯದು, ಅಲ್ಲಿ ಒಂದೇ ಕಟ್ಟಡದಲ್ಲಿರುವ ಮನೆಗಳವರು ವಾರಕ್ಕೊಬ್ಬರಂತೆ ಮೆಟ್ಟಿಲು, ಬಾಗಿಲ ಮುಂಭಾಗಗಳನ್ನು ಗುಡಿಸಿ ಒರೆಸಬೇಕು, ‘ಕೇರ್‌ವೋಖೆ’ ಎಂದು ಅದರ ಹೆಸರು, ಸರದಿ ಬಂದವರ ಬಾಗಿಲಿಗೆ ಒಂದು ಫಲಕವನ್ನು ತೂಗುಹಾಕುತ್ತಾರೆ. ಆಗ ಎಲ್ಲರೂ ಅದನ್ನೊಂದು ವಿನೋದವೆಂದು ಕೇಳಿ ಮರೆತರು. ಫೆಬ್ರವರಿಯಲ್ಲಿ ಅವನು ಊರಿಗೆ ಮರಳುವಾಗ ವಿಮಾನ ನಿಲ್ದಾಣದವರೆಗೆ ಹೋಗಿ ಬೀಳ್ಕೊಟ್ಟವರು ಒಂಬತ್ತು ಜನ.

ಮಗಳ ಪಯಣ

ಅದೇ 2024ರ ಸೆಪ್ಟೆಂಬರ್ ಕೊನೆಯಲ್ಲಿ ಆ ಮನೆಯ ಮಗಳು, ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ, ಆರು ತಿಂಗಳ ಇಂಟರ್ನ್‌ಶಿಪ್‌ಗೆಂದು ಸ್ಟುಟ್‌ಗಾರ್ಟ್ ಬಳಿಯ ಊರಿಗೆ ಹೊರಟಳು. ಹಳೆಯ ಅತಿಥಿಯು ತಾನು ಓದುತ್ತಿದ್ದ ಆಖೆನ್ ನಗರದಿಂದಲೇ ವಿಚಾರಿಸಿ ಅವಳಿಗೊಂದು ಕೋಣೆ ಗೊತ್ತುಮಾಡಿದ್ದನು.

ಗಂಟುಮೂಟೆ ಕಟ್ಟುವಾಗಲೇ ಮೊದಲ ಪಾಠ ಆಯಿತು. ತಾಯಿಯು ಮನೆಯಲ್ಲಿಯೇ ಕಾಸಿದ ತುಪ್ಪವನ್ನು ಎರಡು ಡಬ್ಬಿ ತುಂಬಿ ಇಟ್ಟಿದ್ದರು. ಐರೋಪ್ಯ ಒಕ್ಕೂಟದ ದೇಶಗಳಿಗೆ ಹೊರಗಿನ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನು ಒಯ್ಯುವಂತಿಲ್ಲ. ತುಪ್ಪ, ಪೇಡೆಗಳೂ ಅದರಲ್ಲಿ ಸೇರಿದವು. ಹಸಿ ಕರಿಬೇವಿಗೂ ಸಸ್ಯಾರೋಗ್ಯ ಪ್ರಮಾಣಪತ್ರ ಬೇಕು. ತುಪ್ಪದ ಡಬ್ಬಿಗಳು ಹಿಂದುಳಿದವು. ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಪೆಟ್ಟಿಗೆ ಸೇರಿದವು. ಅವು ಹೋದುದು ಒಳ್ಳೆಯದೇ ಆಯಿತು. ಅವಳು ತಲುಪಿದ್ದು ಶನಿವಾರ ರಾತ್ರಿ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಕಾನೂನಿನ ಪ್ರಕಾರವೇ ಮುಚ್ಚಿರುತ್ತವೆ. ಪರನಾಡಿನ ಮೊದಲ ದಿನ ಅವಳು ಉಂಡದ್ದು ಗದಗಿನ ರೊಟ್ಟಿ.

ಅಲ್ಲಿಯೂ ಕಾಗದಪತ್ರಗಳ ಗಡುವು ಹೆಚ್ಚುಕಡಿಮೆ ಇಲ್ಲಿಯಂತೆಯೇ. ವಾಸಕ್ಕೆ ಬಂದವರು ಎರಡು ವಾರಗಳೊಳಗೆ ಪುರಸಭೆಯ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆಯೊಡೆಯರ ಸಹಿಯಿರುವ ದೃಢೀಕರಣ ಪತ್ರ ಬೇಕು. ಅದಿಲ್ಲದೆ ಹೋಗಿ ಇವಳು ಮೊದಲ ಸಲ ಬರಿಗೈಯಲ್ಲಿ ಮರಳಿದಳು. ತಂದೆಯು ಇಲ್ಲಿ ಆ ಹುಡುಗನಿಗಾಗಿ ಮಾಡಿದ ಕೆಲಸದ ಬೆಲೆ ಅವಳಿಗೆ ಆಗ ತಿಳಿಯಿತು. ಕೋಣೆಯಲ್ಲಿ ಇಷ್ಟಲಿಂಗ ಪೂಜೆಗೆಂದು ಊದುಬತ್ತಿ ಹಚ್ಚಲು ಹೋದರೆ ಚಾವಣಿಯ ಹೊಗೆಸೂಚಕ ಯಂತ್ರವು ಕಿರಿಚಿಕೊಂಡಿತು. ನಮ್ಮನ್ನು ಕೇಳಿದಳು. ವಿಭೂತಿ, ನೀರು ಮತ್ತು ಸ್ಥಿರವಾದ ಮನಸ್ಸು ಇದ್ದರೆ ಸಾಕು, ಧೂಪವಿಲ್ಲವೆಂದು ಪೂಜೆ ನಿಲ್ಲಬೇಕಾಗಿಲ್ಲ ಎಂದು ತಿಳಿಸಿದೆವು.

ಕೆಲಸದ ಸ್ಥಳದಲ್ಲಿ ಯಾರೂ ಅವಳಿಗೆ ಕೇಡು ಮಾಡಲಿಲ್ಲ. ಅವಳೊಡನೆ ಇಂಗ್ಲಿಷ್ ಆಡುವರು, ಕೆಲಸ ವಿವರಿಸುವರು, ಬಳಿಕ ತಮ್ಮತಮ್ಮಲ್ಲಿ ಜರ್ಮನ್ ಮಾತನಾಡುತ್ತ ಊಟಕ್ಕೆ ಏಳುವರು. ಇವಳು ತನ್ನ ಡಬ್ಬಿಯೊಡನೆ ಒಂದು ಮೂಲೆ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ನಮಗೂ ಅವರಿಗೂ ಇರುವ ಅಂತರವು ಮೂರೂವರೆ ಗಂಟೆಯಿಂದ ನಾಲ್ಕೂವರೆ ಗಂಟೆಗೆ ಏರುತ್ತದೆ. ಇದನ್ನರಿಯದ ತಾಯಿಯು ಆ ರಾತ್ರಿ ಮಗಳ ಕರೆ ಒಂದು ಗಂಟೆ ತಡವಾದುದಕ್ಕೆ ಕಂಗಾಲಾಗಿ ಕುಳಿತಿದ್ದರು. ಅಲ್ಲಿ ಮಗಳಿಗೋ, ಸಂಜೆ ಐದು ದಾಟುತ್ತಿದ್ದಂತೆಯೇ ಸೂರ್ಯಾಸ್ತ. ಕೋಣೆಗೆ ಮರಳಿದರೆ ಕತ್ತಲು.

ಅಂದೇ ಅವಳ ಬಾಗಿಲಿಗೆ ಒಂದು ಫಲಕ ಬಿದ್ದಿತ್ತು. ಈ ವಾರ ಮೆಟ್ಟಿಲು ಗುಡಿಸುವ ಸರದಿ ನಿನ್ನದು ಎಂದು ಅದರ ಅರ್ಥ. ಒಂದು ತಿಂಗಳಿನಿಂದ ಕೂಡಿಬಂದ ದುಃಖವೆಲ್ಲ ಆ ಫಲಕವನ್ನು ನೆಪ ಮಾಡಿಕೊಂಡು ಒಡೆಯಿತು. ಪರದೇಶದವಳೆಂದು ತನ್ನಿಂದ ಕಸ ಗುಡಿಸಿಸುತ್ತಿದ್ದಾರೆ ಎಂದೇ ಅವಳು ತಿಳಿದಳು.

ತಾಯಿಯು ನಮಗೆ ಫೋನು ಮಾಡಿದರು. ‘ಅಜ್ಜಾರ, ಮಗಳು ವಾಪಸ್ ಬರತೀನಿ ಅಂತಾಳ್ರೀ. ಕರೆಸಿಬಿಡೋಣೇನ್ರೀ?’

ನಿಜ ಹೇಳುವುದಾದರೆ, ಕರೆಸಿಬಿಡಿ ಎಂಬ ಮಾತು ನಮ್ಮ ನಾಲಗೆಯ ತುದಿಗೆ ಬಂದಿತ್ತು. ಎಳೆಯ ವಯಸ್ಸಿನಲ್ಲಿ ಮಠದ ಪ್ರಸಾದ ನಿಲಯಕ್ಕೆ ಬಂದ ಮೊದಲ ರಾತ್ರಿ ನಾವು ಅತ್ತುದು ಈಗಲೂ ನೆನಪಿದೆ. ಆದರೆ ಅಷ್ಟರಲ್ಲಿ ಯಜಮಾನರು ಫೋನು ಪಡೆದು ಹೇಳಿದರು: ‘ಅಜ್ಜಾರ, ಆ ಹುಡುಗ ಹೇಳಿದ್ದ ನೋಡ್ರೀ, ಸರದಿ ಅಂತ. ಅದ ಇದು. ಅಕಿನ್ನ ಆಳು ಮಾಡಿಲ್ರೀ ಅವರು. ಮನಿಯಾಕಿ ಮಾಡ್ಯಾರ.’

ನಮ್ಮ ಓದೆಲ್ಲ ಆ ಮಾತಿನ ಮುಂದೆ ಚಿಕ್ಕದಾಯಿತು. ಹಿಂದಿನ ವರ್ಷ ನಾವು ಕೊಟ್ಟ ಉಪದೇಶವು ಒಬ್ಬ ಹುಡುಗನನ್ನು ಹತ್ತು ದಿನ ಮಹಡಿಯ ಮೇಲೆ ಒಂಟಿಯಾಗಿಸಿತ್ತು. ಅದೇ ತಿಳಿವಳಿಕೆಯಿಂದ ಈಗ ಈ ಮಗಳನ್ನು ಹಿಂದಕ್ಕೆ ಕರೆಸಹೊರಟಿದ್ದೆವು.

ಕಲ್ಯಾಣದ ನೆನಪು

ಹನ್ನೆರಡನೆಯ ಶತಮಾನದ ಕಲ್ಯಾಣವೂ ಹೊರಗಿನಿಂದ ಬಂದವರ ಪಟ್ಟಣವೇ ಆಗಿತ್ತಲ್ಲವೆ? ಸೌರಾಷ್ಟ್ರದಿಂದ ಆದಯ್ಯ ಬಂದ. ಕಾಶ್ಮೀರದ ಅರಸನಾಗಿದ್ದವನು ಬಂದು ಕಟ್ಟಿಗೆ ಹೊತ್ತು ಮಾರಿ ಮೋಳಿಗೆಯ ಮಾರಯ್ಯನೆನಿಸಿದ ಎಂದು ನಮ್ಮ ಪರಂಪರೆಯು ಹೇಳುತ್ತದೆ. ಮಹಾಮನೆಯಲ್ಲಿ ಬಂದವರಿಗೆಲ್ಲ ದಾಸೋಹವಿತ್ತು. ಆದರೆ ಅಲ್ಲಿ ಯಾರೂ ಬಹುಕಾಲ ಬರಿಯ ಅತಿಥಿಗಳಾಗಿ ಉಳಿಯಲಿಲ್ಲ. ಪ್ರತಿಯೊಬ್ಬರೂ ಒಂದೊಂದು ಕಾಯಕ ಹಿಡಿದರು. ಉಣಿಸುವುದು ಒಂದು ದಿನದ ಸತ್ಕಾರ. ಕೆಲಸದಲ್ಲಿ ಪಾಲು ಕೊಡುವುದು ಬಾಳಿನಲ್ಲಿ ಸ್ಥಾನ ಕೊಟ್ಟಂತೆ. ದಾಸೋಹ ಮತ್ತು ಕಾಯಕಗಳನ್ನು ಬೇರೆಬೇರೆಯಾಗಿ ವಿವರಿಸುತ್ತ ಬಂದ ನಮಗೆ ಅವುಗಳ ನಂಟು ಸ್ಪಷ್ಟವಾದುದು ದೊಡ್ಡತೋಗೂರಿನ ಒಂದು ಕಸಬರಿಗೆಯಿಂದ.

ನಾವು ಮಗಳೊಡನೆ ಮಾತನಾಡಿದೆವು. ಅವಳು ಅತ್ತಳು. ‘ಅಜ್ಜಾರ, ಇಲ್ಲಿ ನನ್ನ ಹೆಸರು ಹಿಡಿದು ಕರಿಯೋರು ಯಾರೂ ಇಲ್ರೀ’ ಎಂದಳು. ‘ತಂಗೀ, ನಿನ್ನ ಸರದಿ ಯಾವ ದಿನ ಮುಗಿಯುತ್ತದೆ?’ ಎಂದು ಕೇಳಿದೆವು. ಶನಿವಾರ ಎಂದಳು. ಹಾಗಾದರೆ ಶನಿವಾರದವರೆಗೆ ಇರು, ಮೆಟ್ಟಿಲನ್ನು ನಿನ್ನ ಮನೆಯ ಅಂಗಳವೆಂದು ತಿಳಿದು ಗುಡಿಸು, ಭಾನುವಾರ ತೀರ್ಮಾನಿಸೋಣ ಎಂದೆವು.

ಶನಿವಾರ ಅವಳು ಮೂರು ಮಹಡಿಗಳ ಮೆಟ್ಟಿಲು ಗುಡಿಸಿ ಒರೆಸುತ್ತಿದ್ದಾಗ ಎರಡನೆಯ ಮಹಡಿಯ ವೃದ್ಧೆಯೊಬ್ಬರು ಬಾಗಿಲು ತೆರೆದು ನೋಡಿದರಂತೆ. ಮೂಲೆಯಲ್ಲಿ ಉಳಿದಿದ್ದ ಧೂಳನ್ನು ಬೆರಳಿನಿಂದ ತೋರಿಸಿದರು. ಇವಳು ಅದನ್ನೂ ತೆಗೆದಳು. ಆ ಅಜ್ಜಿ ಒಳಗೆ ಕರೆದು ಚಹ ಕೊಟ್ಟು ಅವಳ ಹೆಸರು ಕೇಳಿದರು. ಎರಡು ಬಾರಿ ತಪ್ಪಾಗಿ, ಮೂರನೆಯ ಬಾರಿ ಸರಿಯಾಗಿ ಉಚ್ಚರಿಸಿದರು. ಭಾನುವಾರ ಮಗಳು ಮನೆಗೆ ಕರೆ ಮಾಡಿದಾಗ ಮರಳಿ ಬರುವ ಮಾತನ್ನು ಅವಳೂ ಎತ್ತಲಿಲ್ಲ, ಹೆತ್ತವರೂ ಎತ್ತಲಿಲ್ಲ. ವಾರಕ್ಕೆರಡು ಸಂಜೆ ಆ ಅಜ್ಜಿಯೇ ಅವಳಿಗೆ ಜರ್ಮನ್ ಕಲಿಸಿದರು. ಊಟದ ಹೊತ್ತಿನಲ್ಲಿ ಸಹೋದ್ಯೋಗಿಗಳ ಮೇಜಿಗೆ ಇವಳೇ ಹೋಗಿ ಕುಳಿತಳು. ಕರೆಯಲೆಂದು ಕಾಯುತ್ತಿದ್ದವಳು ಇವಳು. ಬರಲೆಂದು ಕಾಯುತ್ತಿದ್ದವರು ಅವರು.

ಡಿಸೆಂಬರ್‌ನ ಒಂದು ದಿನ ಅವಳು ಹತ್ತಿರದ ಟ್ಯೂಬಿಂಗೆನ್ ಪಟ್ಟಣಕ್ಕೆ ಹೋಗಿಬಂದಳು. ಕನ್ನಡಿಗರಿಗೆ ಆ ಊರು ಪರಕೀಯವಲ್ಲ. 1853ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಬಾಸೆಲ್ ಮಿಷನ್ನಿನಿಂದ ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟ್ಟೆಲ್ ತಮ್ಮ ಕೊನೆಯ ದಿನಗಳನ್ನು ಕಳೆದು 1903ರಲ್ಲಿ ನಿಧನರಾದುದು ಅಲ್ಲಿಯೇ. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿದ್ದು ನಮ್ಮ ಜನರ ಬಾಯಿಂದ ಪದಗಳನ್ನು ಕೇಳಿ ಕೇಳಿ ಕಲಿತ ಅವರು 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದರು. ಬಂದ ಉದ್ದೇಶ ಮತಪ್ರಚಾರವಾಗಿದ್ದರೂ ಅವರು ನಮ್ಮವರಾದುದು ಈ ದುಡಿಮೆಯಿಂದ. ಹೊಸ ನಾಡಿನ ಭಾಷೆಯನ್ನು ಕಲಿಯುವುದೂ ಆ ನಾಡಿನ ಕೆಲಸದಲ್ಲಿ ಪಾಲು ಪಡೆಯುವ ಒಂದು ಬಗೆ.

ಕಳುಹಿಸುವವರಿಗೆ ಕೆಲವು ಮಾತು

ಈ ಅನುಭವದಿಂದ ನಮಗೆ ತಿಳಿದ ಕೆಲವನ್ನು ಹೆತ್ತವರ ಗಮನಕ್ಕೆ ತರುತ್ತೇವೆ.

ಕರೆಪತ್ರ ಬಂದೊಡನೆ ಹಿಗ್ಗದೆ, ಕರೆದ ಸಂಸ್ಥೆಗೆ ಅದರ ಅಧಿಕೃತ ವಿಳಾಸದಲ್ಲಿ ನೇರವಾಗಿ ಬರೆದು ಖಚಿತಪಡಿಸಿಕೊಳ್ಳಿರಿ. ಇಂಟರ್ನ್‌ಶಿಪ್ ಕೊಡಿಸುತ್ತೇವೆಂದು ಮುಂಗಡ ಹಣ ಕೇಳುವವರನ್ನು ನಂಬಬೇಡಿರಿ. ಸಂಬಳದ ವಿಚಾರವನ್ನೂ ಮೊದಲೇ ತಿಳಿದಿರಬೇಕು. ಉದಾಹರಣೆಗೆ, ಜರ್ಮನಿಯಲ್ಲಿ ಪಠ್ಯಕ್ರಮದ ಭಾಗವಾಗಿ ಕಡ್ಡಾಯವಾಗಿ ಮಾಡುವ ಇಂಟರ್ನ್‌ಶಿಪ್‌ಗೆ ಅಲ್ಲಿಯ ಕನಿಷ್ಠ ವೇತನದ ಕಾನೂನು ಅನ್ವಯಿಸುವುದಿಲ್ಲ. ಸಂಸ್ಥೆ ಒಪ್ಪಿ ಕೊಟ್ಟಷ್ಟೇ. ಆದುದರಿಂದ ಬಾಡಿಗೆ, ಊಟ, ಆರೋಗ್ಯ ವಿಮೆಗಳ ಲೆಕ್ಕವನ್ನು ಹೊರಡುವ ಮೊದಲೇ ಹಾಕಿರಬೇಕು. ಮನೆಯೊಡೆಯರು ನೋಂದಣಿಗೆ ಬೇಕಾದ ಪತ್ರ ಕೊಡುವರೇ ಎಂಬುದನ್ನು ಕೋಣೆ ಹಿಡಿಯುವಾಗಲೇ ಕೇಳಬೇಕು.

ಕಷ್ಟಕಾಲಕ್ಕೆ ಆಯಾ ಪ್ರದೇಶದ ಭಾರತೀಯ ರಾಯಭಾರ ಅಥವಾ ಕಾನ್ಸುಲೇಟ್ ಕಚೇರಿಯ ದೂರವಾಣಿ ಸಂಖ್ಯೆಯು ಮಗುವಿನ ಬಳಿಯೂ ಮನೆಯಲ್ಲಿಯೂ ಇರಲಿ. ದಕ್ಷಿಣ ಜರ್ಮನಿಗೆ ಅದು ಮ್ಯೂನಿಕ್ ನಗರದಲ್ಲಿದೆ. ನಮ್ಮ ವಿದೇಶಾಂಗ ಸಚಿವಾಲಯವು 2015ರಲ್ಲಿ ಆರಂಭಿಸಿದ ‘ಮದದ್’ ಎಂಬ ವ್ಯವಸ್ಥೆಯಲ್ಲಿ ದೂರುಗಳನ್ನು ದಾಖಲಿಸಬಹುದು. ಸಮಾಜ ಬಾಂಧವರ ಸಂಘಗಳಿರುವಲ್ಲಿ ಅವರ ಪರಿಚಯ ಮಾಡಿಕೊಳ್ಳುವುದು ಹಿತ. ಉತ್ತರ ಅಮೆರಿಕದಲ್ಲಿ 1978ರಿಂದಲೇ ವೀರಶೈವ ಸಮಾಜವು ಕಾರ್ಯ ನಡೆಸುತ್ತಿದೆ. ಆದರೆ ನಮ್ಮವರ ನಡುವೆಯೇ ಆರು ತಿಂಗಳು ಕಳೆದು ಬಂದರೆ ದೂರ ಹೋದ ಪ್ರಯೋಜನವೇನು?

ಎಲ್ಲಕ್ಕಿಂತ ಮಿಗಿಲಾಗಿ, ಗಂಡುಮಗುವಾಗಲಿ ಹೆಣ್ಣುಮಗುವಾಗಲಿ, ಗುಡಿಸುವುದು, ತೊಳೆಯುವುದು, ಎರಡು ಬಗೆಯ ಅಡುಗೆ ಮಾಡುವುದು ಇಷ್ಟನ್ನು ಮನೆಯಲ್ಲಿಯೇ ಕಲಿಸಿರಿ. ದಿನಕ್ಕೆ ನಾಲ್ಕು ಬಾರಿ ಫೋನು ಮಾಡಿ ಮಗುವಿನ ಮನಸ್ಸನ್ನು ಇಲ್ಲಿಯೇ ಕಟ್ಟಿಹಾಕಬೇಡಿರಿ. ಮೊದಲ ತಿಂಗಳಿನ ಅಳುವನ್ನು ಸಹನೆಯಿಂದ ಕೇಳಿರಿ. ಅನ್ಯಾಯ, ಅಪಾಯಗಳಿದ್ದರೆ ತಡಮಾಡದೆ ಕರೆಸಿಕೊಳ್ಳಿರಿ. ಒಂಟಿತನದ ಅಳುವಾದರೆ ಸ್ವಲ್ಪ ಕಾಯಿರಿ. ಎರಡರ ವ್ಯತ್ಯಾಸವನ್ನು ಅರಿಯಲು, ಈ ದಿನ ಏನು ನಡೆಯಿತೆಂದು ಕೇಳಿದರೆ ಸಾಕು. ಹೇಗಿದ್ದೀಯೆಂದು ಕೇಳಿದರೆ ಎರಡಕ್ಕೂ ಒಂದೇ ಉತ್ತರ ಬರುತ್ತದೆ.

ಮಗಳು 2025ರ ಮಾರ್ಚ್ ಕೊನೆಯಲ್ಲಿ ಕಲಿಕೆ ಮುಗಿಸಿ ಮರಳಿದಳು. ಬರುವಾಗ ಎರಡನೆಯ ಮಹಡಿಯ ಅಜ್ಜಿಯು ನೆನಪಿಗೆಂದು ಆ ಸರದಿಯ ಫಲಕದಂತಹುದೇ ಒಂದನ್ನು ಅವಳ ಕೈಯಲ್ಲಿಟ್ಟರಂತೆ. ಅದೇ ವರ್ಷದ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಮೆಟ್ರೋ ರೈಲು ಆರಂಭವಾದ ಮೇಲೆ ನಾವು ಗೋಷ್ಠಿಗೆ ಅದರಲ್ಲಿಯೇ ಹೋಗುತ್ತೇವೆ. ಕಳೆದ ಸಲ ಹೋದಾಗ ಮಹಡಿಯ ಕೋಣೆಗೆ ಹೊಸಬನೊಬ್ಬನು ಬಂದಿದ್ದನು. ಬೀದರ್ ಕಡೆಯ ಹುಡುಗ, ಬೊಮ್ಮಸಂದ್ರದಲ್ಲಿ ಕೆಲಸ ಕಲಿಯಲು ಬಂದು ಎರಡು ದಿನವಾಗಿತ್ತು. ಊಟದ ತಟ್ಟೆ ಮಹಡಿಗೆ ಹೋಗಿರಲಿಲ್ಲ. ಅವನು ಕೆಳಗೆ ಎಲ್ಲರ ಸಾಲಿನಲ್ಲಿಯೇ ಕುಳಿತಿದ್ದನು. ಮೇಲೆ ಅವನ ಕೋಣೆಯ ಬಾಗಿಲಿಗೆ ಆ ಜರ್ಮನ್ ಫಲಕವು ತೂಗುತ್ತಿತ್ತು.

ನಮ್ಮ ಸಮಾಜದ ಮಕ್ಕಳು ಹೋದೆಡೆಯಲ್ಲೆಲ್ಲ ಕೆಲಸದಲ್ಲಿ ಪಾಲು ಕೇಳಿ ಪಡೆಯುವವರಾಗಲಿ. ನಮ್ಮ ಮನೆಗಳು ಬಂದವರಿಗೆ ಅದನ್ನು ಸಂಕೋಚವಿಲ್ಲದೆ ಕೊಡುವ ಮನೆಗಳಾಗಲಿ ಎಂದು ಹಾರೈಸುತ್ತೇವೆ.